ಗೋಡೆಗೆ ಹೊದಿಸಿದ ಚಾದರ

ಸೊಸೆ ಒದ್ದೆ ಬಟ್ಟೆಯಿಂದ ಗೋಡೆಯ ಬೂಷ್ಟು ಒರೆಸುತ್ತಿದ್ದಳು. ಬಟ್ಟೆ ಕಪ್ಪಾಗುತ್ತಿತ್ತು, ಗೋಡೆ ಬೆಳ್ಳಗಾಗುತ್ತಿರಲಿಲ್ಲ. ಹಿಂದೆ ನಿಂತು ನೋಡುತ್ತಿದ್ದ ಅತ್ತೆ ಹೋಗಿ, ಪೆಟ್ಟಿಗೆಯಿಂದ ತಮ್ಮ ಹೂವಿನ ಚಾದರ ತಂದು, ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು. ಇಬ್ಬರೂ ಸೇರಿ ಅದನ್ನು ಗೋಡೆಯುದ್ದಕ್ಕೂ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗಕ್ಕೆ ಇಳಿಬಿಟ್ಟರು. ಬೂಷ್ಟು ಪೂರ್ತಿ ಮುಚ್ಚಿಹೋಯಿತು.

"ಅವರು ನೋಡೋಕೆ ಬರೋದೇ ಇದನ್ನಲ್ವಾ ಅತ್ತೆ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

"ಏನು, ಬೂಷ್ಟು ನೋಡೋಕಾ? ಇರೋ ಮನೆ ನೆಟ್ಟಗೆ ಇಟ್ಕೊಳ್ಳದವರಿಗೆ ಸರ್ಕಾರ ಇನ್ನೊಂದು ಯಾಕೆ ಕೊಡುತ್ತೆ, ಅದನ್ನೂ ಹಾಳು ಮಾಡ್ಲಿ ಅಂತಾನಾ? ಹೋಗು, ತಲೆ ಬಾಚ್ಕೋ."

ಕಡಿಮೆ ಬಾಡಿಗೆಯ ಸರ್ಕಾರಿ ಮನೆಗೆ ಅರ್ಜಿ ಹಾಕಿದ್ದರು. ಈಗಿರುವ ಕೋಣೆಯ ಸ್ಥಿತಿ ನೋಡಲು ಕಚೇರಿಯ ಮೇಡಂ ಬರುವವರಿದ್ದರು. ಅತ್ತೆ ಬೆಳಗಿನಿಂದ ಹೆಣ್ಣಿನ ಕಡೆಯವರಂತೆ ಓಡಾಡಿದ್ದರು. ಅರ್ಧ ಹಾಸಿಗೆಗಳನ್ನು ಪಕ್ಕದ ಟೈಲರ್ ಮನೆಗೆ ಸಾಗಿಸಿಯಾಗಿತ್ತು. ಸೊಸೆಯ ಉಬ್ಬಸದ ಮಗುವೂ ಅಲ್ಲೇ ಇತ್ತು. ಬಂದವರ ಎದುರು ಕೆಮ್ಮಿದರೆ ಚೆನ್ನಾಗಿರುವುದಿಲ್ಲವಂತೆ. ಆ ತೇವದಲ್ಲಿ ಮಲಗಿಸುತ್ತಿರುವವರೆಗೆ ಯಾವ ಔಷಧಿಯೂ ನಾಟುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಕ್ಕೇ ಅರ್ಜಿ ಹಾಕಿದ್ದು.

ಮೇಡಂ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಒಂದು ಸುತ್ತು ನೋಡಿದರು.

"ಐದು ಜನಕ್ಕೆ ಇಕ್ಕಟ್ಟಾಗಲ್ವಾ?"

"ಇಕ್ಕಟ್ಟೇನಿಲ್ಲ ಮೇಡಂ, ಆರಾಮಾಗಿದೀವಿ."

"ಗೋಡೆಗೆ ತೇವ ಬರುತ್ತಾ?"

"ತೇವನಾ? ನಮ್ಮ ಸೊಸೆ ಕೈಗೆ ಸಿಕ್ಕಿದ್ರೆ ಬಾವೀನೂ ಒರೆಸಿ ಒಣಗಿಸ್ತಾಳೆ."

ಮೇಡಂ ನಕ್ಕರು. ಆಮೇಲೆ ಹೇಳಿದರು: "ಬೇಜಾರು ಮಾಡ್ಕೋಬೇಡಿ ಅಮ್ಮ. ಕೊಡೋಕೆ ಇರೋದು ಕೆಲವೇ ಮನೆ. ಗೋಡೆ ಬೀಳ್ತಿರೋರು, ಸೂರು ಸೋರ್ತಿರೋರು ಕಾಯ್ತಿದಾರೆ. ಇಷ್ಟು ಚೆನ್ನಾಗಿರೋ ಮನೇನ ನೋಡಿ ನಾನು ಏನಂತ ಶಿಫಾರಸು ಮಾಡ್ಲಿ?"

ಅತ್ತೆಯ ಮುಖದಲ್ಲಿ ನಗು ಹಾಗೇ ಉಳಿಯಿತು, ತೆಗೆಯಲು ಮರೆತವರಂತೆ. ಆಡಿದ ಮಾತನ್ನೆಲ್ಲ ಈಗ ಯಾವ ಮುಖ ಇಟ್ಟುಕೊಂಡು ತಿದ್ದುವುದು? ಎರಡು ಹೆಜ್ಜೆ ಹಿಂದೆ ಸರಿದು ಚಾದರಕ್ಕೆ ಬೆನ್ನು ಕೊಟ್ಟು ನಿಂತರು.

ಪಕ್ಕದ ಮನೆಯಲ್ಲಿ ಮಗು ಕೆಮ್ಮತೊಡಗಿತು. ಒಮ್ಮೆ ಹತ್ತಿದರೆ ಬೇಗ ನಿಲ್ಲುವ ಕೆಮ್ಮಲ್ಲ ಅದು.

"ಯಾರ ಮಗು?" ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮೇಡಂ ತಿರುಗಿ ನೋಡಿದರು. ಅತ್ತೆ ನೆಲ ನೋಡಿದರು.

ಸೊಸೆ ಈ ಮನೆಗೆ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದವಳಲ್ಲ. ಈಗಲೂ ದನಿ ಏರಲಿಲ್ಲ. ಹತ್ತಿರ ಹೋಗಿ ಚಾದರದ ಅಂಚು ಹಿಡಿದಳು. ಆಗಲೇ ಕೆಳಗಿನ ಸಾಲಿನ ಹೂಗಳು ಒದ್ದೆಯಾಗಿದ್ದವು.

"ಅತ್ತೆ, ಸ್ವಲ್ಪ ಪಕ್ಕಕ್ಕೆ ಬನ್ನಿ."

ಅತ್ತೆ ಕದಲಲಿಲ್ಲ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿದ್ದ ಮೇಡಂ ಹಾಗೇ ನಿಂತರು. ಗೋಡೆಯಾಚೆ ಮಗು ಉಸಿರೆಳೆದುಕೊಳ್ಳುವುದು ಮೂವರಿಗೂ ಕೇಳಿಸುತ್ತಿತ್ತು.

"ಪಕ್ಕಕ್ಕೆ ಬನ್ನಿ ಅತ್ತೆ."