ಮೂರು ತಿಂಗಳ ಶಾಸಕ

ಶಾಸಕರು ಸತ್ತರೆ ಉಪಚುನಾವಣೆ, ಉಪಚುನಾವಣೆ ಬಂದರೆ ಎರಡು ತಿಂಗಳು ಅರ್ಧ ಬೆಲೆಗೆ ಪೆಟ್ರೋಲ್. ಅದಕ್ಕೇ ನಮ್ಮ ಊರಿನವರು ಕಾಯಿಲೆಯವರಿಗೇ ಓಟು ಹಾಕುತ್ತಾರೆ. ಈರಪ್ಪ ಇನ್ನು ಮೂರು ತಿಂಗಳು ಬದುಕಿದರೆ ಹೆಚ್ಚು ಎಂದು ಡಾಕ್ಟರು ಬರೆದ ಚೀಟಿಯನ್ನು ಪಕ್ಷದವರು ಮನೆಮನೆಗೆ ಹಂಚಿ ಆತನನ್ನು ಗೆಲ್ಲಿಸಿದ್ದರು.

ಈಗ ಎಂಟನೆಯ ತಿಂಗಳು. ಹೊಸ ಗುಳಿಗೆ ಹಿಡಿಸಿ ಈರಪ್ಪ ಬೆಳಿಗ್ಗೆ ಎರಡು ರೊಟ್ಟಿ ತಿಂದಿದ್ದ. ಹಿಂದಿನ ಶಾಸಕಿ ಚೇತರಿಸಿಕೊಂಡಾಗ ಊರಿನವರು ಆಕೆಯ ಮನೆಗೆ ಬೆಂಕಿ ಹಚ್ಚಿದ್ದರು. ಹಾಗಾಗಿ ಮನೆ ಮುಂದೆ ಆಟೊಗಳು ನಿಂತ ಸದ್ದು ಕೇಳುತ್ತಲೇ ಮಗಳು ನೀಲವ್ವ ಅಪ್ಪನನ್ನು ಮಲಗಿಸಿ ಕೌದಿ ಹೊದಿಸಿದಳು.

ಆಟೊದವರು ನಾಲ್ಕು ಜನ ಒಳಬಂದರು. ಹಿರಿಯ ಮೌಲಾಸಾಬ ಹಾಸಿಗೆಯ ಪಕ್ಕ ಕೂತ.

"ಹೆಂಗದಾರವಾ ಸಾಹೇಬ್ರು?"

"ಗಂಜಿನೂ ಇಳಿವಲ್ದು ಕಾಕಾ."

"ಹಿಂಗ ಅನಕೋತ ಐದ ತಿಂಗಳಾತು," ಹಿಂದಿನಿಂದ ಒಬ್ಬ ನಕ್ಕ. "ರಾಜೀನಾಮೆನರ ಕೊಡಸ್ರಿ."

"ಅದಕ್ಕ ರೇಟ್ ಇಳಿಯಂಗಿಲ್ಲಲೇ, ಸಾಯಬೇಕು," ಎಂದು ಗದರಿದ ಮೌಲಾಸಾಬ, ಈರಪ್ಪನ ಕೈ ಹಿಡಿದುಕೊಂಡ. "ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ದುಡದದ್ದೆಲ್ಲ ಪೆಟ್ರೋಲಿಗೇ ಹೊಂಟೈತಿ."

ಏಳುವಾಗ ಕಿಟಕಿಯಲ್ಲಿದ್ದ ಗುಳಿಗೆಗಳನ್ನು ನೋಡಿದ. "ಗಂಜಿ ಇಳೀದ ಮನಶಾಗ ಇವ್ಯಾಕವಾ? ಸುಮ್ನ ಸಂಕಟ," ಎಂದು ಅಕ್ಕರೆಯಿಂದಲೇ ಅವನ್ನೆತ್ತಿ ಜೇಬಿಗೆ ಹಾಕಿಕೊಂಡ.

ಬೇಡವೆಂದರೆ ಅಪ್ಪ ಗುಣವಾಗುತ್ತಿದ್ದಾನೆಂದು ಒಪ್ಪಿಕೊಂಡಂತೆ. ಕೌದಿಯೊಳಗಿಂದ ಈರಪ್ಪ ಮಗಳನ್ನೇ ನೋಡುತ್ತಿದ್ದ.

"ಹೌದು ಕಾಕಾ," ಎಂದಳು ನೀಲವ್ವ. "ಒಯ್ರಿ."