ಆರಕ್ಕೆ ಆರು

ಏಜೆಂಟರು ಉಸಿರು ಬಿಗಿಹಿಡಿದು ಗೋಡೆಗೆ ಒತ್ತಿ ನಿಂತರು. ಅಡುಗೆಮನೆಯ ಬಾಗಿಲು ಒಂದು ಗೇಣು ತೆರೆದೇ ಇತ್ತು. ಈ ತಾಯಿ ಮಗಳಿಗೆ ಒಂದು ಗುಟ್ಟು ಮುಚ್ಚಿಡಲೂ ಬರುವುದಿಲ್ಲ.

ಆರೈಕೆ ಮನೆಯಲ್ಲಿ ಕಿಟಕಿ ಪಕ್ಕದ ಹಾಸಿಗೆಯನ್ನೇ ಕೇಳಿದ್ದೇನೆ, ಒಂದು ಸಲ ಹೋದರೆ ಮುಗಿಯಿತು, ವಾಪಸ್ ಬರುವ ಮಾತೇ ಇಲ್ಲ ಎನ್ನುತ್ತಿದ್ದಳು ಮಗಳು.

"ನಾಳೆ ಆ ಮೇಡಂ ಬರೋವರೆಗೂ ಅಪ್ಪನಿಗೆ ಮಾತ್ರ ಹೇಳ್ಬೇಡ," ಎಂದಳು ಹೆಂಡತಿ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ.

ಏಜೆಂಟರಿಗೆ ಮೈಯೆಲ್ಲ ಉರಿದುಹೋಯಿತು. ಕಟ್ಟಿಕೊಂಡವಳೂ ಹುಟ್ಟಿದವಳೂ ಸೇರಿ ತಮ್ಮನ್ನು ಮನೆಯಿಂದ ಸಾಗಹಾಕುವ ಸಂಚು! ಅದೂ ತಾವೇ ಕಂತು ಕಟ್ಟಿದ ಪಾಲಿಸಿಯ ದುಡ್ಡಿನಲ್ಲಿ. ಒಳಗೆ ನುಗ್ಗಿ ಜಾಡಿಸಬೇಕೆನಿಸಿತು. ತಡೆದುಕೊಂಡರು. ನಾಳೆ ಆ ಮೇಡಂ ಎದುರಿಗೇ ಇಬ್ಬರ ಮುಖಕ್ಕೂ ಮಂಗಳಾರತಿ ಎತ್ತಿದರೆ ಆಯಿತು, ಜನ್ಮದಲ್ಲಿ ಮರೆಯಬಾರದು ಎಂದುಕೊಂಡು ಸದ್ದಿಲ್ಲದೆ ಹಿಂದಕ್ಕೆ ಸರಿದರು.

ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಬೀದಿಯವರೆಲ್ಲ ಅವರನ್ನು ಏಜೆಂಟರೆಂದೇ ಕರೆಯುತ್ತಿದ್ದರು. ಮುಪ್ಪಿನ ಆರೈಕೆಯ ಪಾಲಿಸಿಗಳನ್ನು ಮೂವತ್ತು ವರ್ಷ ಮಾರಿದವರು. ನಿಯಮಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಕಂಪನಿಯವರು ಮನೆಗೆ ಬಂದು ಆರು ಕೆಲಸ ಪರೀಕ್ಷಿಸುತ್ತಾರೆ: ಏಳುವುದು, ನಡೆಯುವುದು, ಸ್ನಾನ, ಶೌಚ, ಬಟ್ಟೆ ಹಾಕಿಕೊಳ್ಳುವುದು, ಊಟ. ಆರರಲ್ಲಿ ಎರಡು ಸ್ವಂತವಾಗಿ ಮಾಡಲಾಗದಿದ್ದರೆ ಆರೈಕೆ ಮನೆಯ ಖರ್ಚೆಲ್ಲ ಕಂಪನಿಯದು. ಆರೂ ಬಂದರೆ ಚಿಕ್ಕಾಸೂ ಇಲ್ಲ. ಕಂತು ಕಡಿಮೆಯೆಂದು ಗಂಡ ಹೆಂಡತಿಗೆ ಸೇರಿಸಿ ಒಂದೇ ಪಾಲಿಸಿ ಮಾಡಿಸಿದ್ದರು; ಇಬ್ಬರಲ್ಲಿ ಯಾರು ಮೊದಲು ಹಾಸಿಗೆ ಹಿಡಿದರೂ ಮೊತ್ತವೆಲ್ಲ ಅವರಿಗೇ. ಮೊದಲು ಹಾಸಿಗೆ ಹಿಡಿಯುವುದು ಗಂಡಸರೇ, ಇಡೀ ಮೊತ್ತ ತಮಗೇ ದಕ್ಕುತ್ತದೆ ಎಂಬ ಧೈರ್ಯ. ಆದರೆ ಅದಕ್ಕೆಲ್ಲ ಇನ್ನೂ ಹತ್ತು ವರ್ಷವಿದೆ. ಈ ಎಪ್ಪತ್ತೆರಡಕ್ಕೇ ಮೂಲೆಗೆ ಕೂರಿಸಲು ತಾವೇನು ಮುರಿದ ಕುರ್ಚಿಯೇ?

ಹೆಂಡತಿಗೆ ಈ ಹಗೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು. ಎರಡು ವರ್ಷದಿಂದ ಅವಳದು ಒಂದೇ ರಾಗ: ಕೈಗೆ ಹಿಡಿತವಿಲ್ಲ, ಕಾಲು ನಿಲ್ಲುವುದಿಲ್ಲ, ನೋಡಿಕೊಳ್ಳಲು ಒಬ್ಬಳನ್ನು ಇಡಿ. "ಆಳು ಬಂದ್ರೆ ನೀನೇನು ಶೋಕೇಸಲ್ಲಿ ಕೂರ್ತೀಯಾ?" ಎಂದು ನಗಾಡಿದ್ದರು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಹರಿದು ಹಾಕಿದ್ದರು. ಅಂದಿನಿಂದ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಮಗಳು ಮಾತ್ರ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಬಂದು ಅಮ್ಮನ ಮೈ ತೊಳೆದು, ತಲೆ ಬಾಚಿ, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಅತಿಮುದ್ದು ಎಂದು ಏಜೆಂಟರು ಮೂಗು ಮುರಿಯುತ್ತಿದ್ದರು.

ಮರುದಿನ ಹತ್ತಕ್ಕೆ ಕಂಪನಿಯ ಮೇಡಂ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಫೈಲು. ಹೆಂಡತಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಮಗಳು ಅವಳ ಹಿಂದೆ ನಿಂತಿದ್ದಳು. ಮೇಡಂ ಪೆನ್ನು ತೆಗೆಯುವಷ್ಟರಲ್ಲಿ ಏಜೆಂಟರು ಶುರುಮಾಡಿಯೇಬಿಟ್ಟಿದ್ದರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕೈ ಊರದೆ ಎದ್ದರು. ಗೇಟಿನವರೆಗೆ ಬಿರಬಿರನೆ ಹೋಗಿ ಬಂದರು. ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದರು. ಮೇಡಂ ಸುಸ್ತಾಗಿ, ಸಾಕು ಸರ್, ಕೂತ್ಕೊಳ್ಳಿ ಎಂದರು.

ಅಡುಗೆ, ಬಟ್ಟೆ ಒಗೆಯುವುದು, ಸಾಮಾನು ತರುವುದು ಯಾರು ಎಂದು ಕೇಳಿದರು.

"ಎಲ್ಲಾ ನಾನೇ. ನನಗೆ ಯಾರ ಹಂಗೂ ಇಲ್ಲ."

ನೀರು ಕಾಯಿಸಲು ಒಲೆ ಹೇಗೆ ಹಚ್ಚುವುದೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಮೇಡಂ ಬರೆದುಕೊಂಡು, ಇನ್ನು ಅಮ್ಮನ ವಿಷಯ ಹೇಗೆ ಎಂದು ಕೇಳಿದರು.

ಇದಕ್ಕೇ ಕಾಯುತ್ತಿದ್ದರು ಏಜೆಂಟರು. "ಇವಳ ಕಥೆ ಕೇಳ್ಬೇಡಿ. ಮೈಗೆ ಎರಡು ತಂಬಿಗೆ ನೀರು ಹುಯ್ಕೊಳ್ಳೋಕೂ ಮಗಳು ಬರ್ಬೇಕು. ಬಟ್ಟೆ ಉಡಿಸೋಕೆ ಮಗಳು. ಲೋಟ ಕೊಟ್ರೆ ಕೆಳಗೆ ಹಾಕ್ತಾಳೆ. ಹಾಸಿಗೆಯಿಂದ ಎಬ್ಬಿಸೋಕೆ ಒಂದು ಆಳು ಬೇಕು. ದಂಡಪಿಂಡ."

ಎಷ್ಟು ದಿನದಿಂದ ಎಂದು ಕೇಳಿದರು ಮೇಡಂ.

"ಎರಡು ವರ್ಷದಿಂದ. ದಿನಾ ಕಣ್ಣಾರೆ ನೋಡ್ತಿದ್ದೀನಿ. ಬೇಕಾದ್ರೆ ಬರ್ಕೊಡ್ತೀನಿ."

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಏಜೆಂಟರಿಗೆ ಹೊಟ್ಟೆ ತಣ್ಣಗಾಯಿತು. ತಮ್ಮನ್ನು ಹೊರಗೆ ಹಾಕಲು ನೋಡಿದವಳ ಬಂಡವಾಳ ಹೊರಗಿನವರ ಮುಂದೆ ಬಯಲಾಗಲಿ.

ಮೇಡಂ ಬರೆದು ಮುಗಿಸಿ ಹಾಳೆ ಮುಂದಿಟ್ಟರು. ಪಾಲಿಸಿ ಇಬ್ಬರದಾದ್ದರಿಂದ ಇಬ್ಬರ ಸಹಿಯೂ ಬೇಕು, ನಿಧಾನವಾಗಿ ಓದಿಕೊಳ್ಳಿ ಎಂದರು. ಓದುವುದೇ? ಓದಲು ಹೊರಟ ಗಿರಾಕಿಗಳನ್ನು ಕಂಡರೆ ಮೂವತ್ತು ವರ್ಷವೂ ಏಜೆಂಟರಿಗೆ ಆಗುತ್ತಿರಲಿಲ್ಲ. ಅವರು ನೇರವಾಗಿ ಕೊನೆಯ ಸಾಲಿಗೆ ಹೋದರು.

"ನಂದು ಆರಕ್ಕೆ ಎಷ್ಟು, ಅದು ಹೇಳಿ ಸಾಕು."

"ಆರಕ್ಕೆ ಆರು, ಸರ್. ನಿಮಗೆ ಯಾರ ಸಹಾಯಾನೂ ಬೇಕಿಲ್ಲ ಅಂತಾನೇ ಬರೆದಿದ್ದೀನಿ."

ಏಜೆಂಟರು ಗೀರಿದ ರಭಸಕ್ಕೆ ಹಾಳೆ ಹರಿಯಬೇಕಿತ್ತು. ಎದ್ದು ನಿಂತು ಮಗಳತ್ತ ಬೆರಳು ತೋರಿಸಿದರು. "ಇವತ್ತಿಂದ ನೀನು ಈ ಮನೆ ಹೊಸಿಲು ತುಳೀಬೇಡ."

"ಆಗ್ಲಿ ಅಪ್ಪ," ಎಂದಳು ಮಗಳು. ಮೇಡಂ ಸಹಿಯನ್ನೊಮ್ಮೆ ನೋಡಿ ಹಾಳೆಯನ್ನು ಫೈಲಿಗೆ ಸೇರಿಸಿದರು.

ಹೆಂಡತಿ ಮಗಳ ತೋಳು ಹಿಡಿದು ಮೆಲ್ಲಗೆ ಎದ್ದಳು. "ಅರ್ಜಿ ಹಾಕಿದ್ದು ನಿಮಗಲ್ಲ ರೀ, ನನಗೆ. ಕೇಳಿದ್ರೆ ನೀವು ಸತ್ರೂ ಸಹಿ ಹಾಕ್ತಿರಲಿಲ್ಲ, ಸೋಮವಾರ ಹೊರಡ್ತೀನಿ."