ಮರಳು ಎರಚಿದ ಗೋಡೆ

ನಿನ್ನೆಯಷ್ಟೇ ಹಡಗಿನಿಂದ ಇಳಿದಿದ್ದ, ಕಣ್ಣು ಕಾಣದ ಎಲ್ಸ್‌ಪೆತ್ ಚರ್ಚಿನ ಗೋಡೆಗೆ ಅಂಗೈ ತಾಗಿಸಿದಳು. ಪಕ್ಕದಲ್ಲಿದ್ದ ಮಗ ಡಂಕನ್ ಉಸಿರು ಬಿಗಿಹಿಡಿದ. ಸ್ಕಾಟ್ಲೆಂಡಿನಿಂದ ಆಕ್ಲೆಂಡಿಗೆ ಬಂದು ವಾಸ್ತುಶಿಲ್ಪಿಯಾದ ಅವನು ಒಂಬತ್ತು ವರ್ಷ ಅವಳಿಗೆ ಬರೆದದ್ದು ಒಂದೇ ಮಾತು: "ಅಮ್ಮಾ, ನಾನಿಲ್ಲಿ ಕಲ್ಲಿನ ಚರ್ಚು ಕಟ್ತಿದೀನಿ."

ಊರಿಗೆ ಬೆಳೆಯುವ ಆತುರ. ಕಲ್ಲು ಕೆತ್ತುತ್ತ ಕೂರಲು ಯಾರಿಗೆ ಪುರುಸೊತ್ತಿತ್ತು? ಡಂಕನ್ ಅಲ್ಲಿನ ಕೌರಿ ಮರದ ಹಲಗೆಗಳಲ್ಲೇ ಗೋಡೆ ಕಟ್ಟಿಸಿ, ಅವುಗಳ ಮೇಲೆ ಕಲ್ಲಿನ ಸಂದಿನಂತೆ ಗೆರೆ ಕೊರೆಸಿ, ಹಸಿ ಬಣ್ಣದ ಮೇಲೆ ಮರಳು ಎರಚಿಸಿದ್ದ. ನೋಡಿದವರೆಲ್ಲ ಕಲ್ಲೆಂದೇ ನಂಬಿದ್ದರು.

"ಒರಟಾಗಿದೆ. ಒಳ್ಳೇ ಕಲ್ಲು ಕಣೋ," ಎಂದಳು ಎಲ್ಸ್‌ಪೆತ್. ಅವನ ಎದೆ ಹಗುರಾಯಿತು. ಅಷ್ಟರಲ್ಲಿ ಅವಳು ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿದಳು. ಟೊಕ್, ಟೊಕ್.

"ಅಮ್ಮಾ, ಅದು ಏನಂದ್ರೆ..."

"ಸುಮ್ನಿರೋ ಕಳ್ಳ! ದೋಣಿ ಕಟ್ಟೋನ ಜೊತೆ ಮೂವತ್ತು ವರ್ಷ ಬಾಳಿದೋಳಿಗೆ ಮರದ ದನಿ ಗೊತ್ತಾಗಲ್ವಾ?" ಅವಳು ಕೆನ್ನೆಯನ್ನು ಗೋಡೆಗೆ ಆನಿಸಿದಳು. ಬಿಸಿಲಿಗೆ ಕಾದ ಹಲಗೆಯ ಸಂದಿನಿಂದ ರಾಳದ ಘಮ ಬರುತ್ತಿತ್ತು. "ನಿಮ್ಮಪ್ಪ ಇದ್ದಾಗ, ಸಂಜೆ ಮನೆಗೆ ಬಂದ್ರೆ ಅವರ ಅಂಗಿ ಹೀಗೇ ಘಮ್ ಅಂತಿತ್ತು. ಕಲ್ಲಾಗಿದ್ರೆ ಇದು ನಂಗೆಲ್ಲಿ ಸಿಗ್ತಿತ್ತು? ಬಾ, ನೀನೂ ಮೂಸಿ ನೋಡು."

ಡಂಕನ್ ಟೋಪಿ ತೆಗೆದು, ತಾನು ಕಟ್ಟಿದ ಗೋಡೆಗೆ ಮೊದಲ ಸಲ ಮುಖವಿಟ್ಟ.